ಕೊಟ್ಟಿಗೆ ಹಿಂದಿನ ಕೇದಗೆ

ನಾನೊಂದು ಕೇದಗೆ ಗಿಡ. ಹುಟ್ಟಿದ್ದು ಮಂಡ್ಯದ ಕಡೆಯ ಒಂದು ನಾಲೆಯ ಏರಿಯಲ್ಲಿ, ತಾಯಿಯ ಬುಡದಲ್ಲಿ ಕಂದಾಗಿ. ನನ್ನನ್ನು ಕಿತ್ತು ತಂದವಳು ದೇವೀರಮ್ಮ. ಕಿತ್ತದ್ದು ಘಮವನ್ನು ನಂಬಿ. ಆ ಘಮವೋ ನಮಗೆ ಹೆಣೆದುಕೊಂಡಿದ್ದ ಪಕ್ಕದ ಮೆಳೆಯದು. ನನಗೆ ಬಾಯಿದ್ದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ.

ಅವಳ ಕೊಟ್ಟಿಗೆಯ ಹಿಂದೆ ನಾಲೆಯ ನೀರು ಬಸಿದು ವರ್ಷವಿಡೀ ಜೌಗು. ಕನಕಾಂಬರ ಹಾಕಿದಳು, ಕೊಳೆಯಿತು. ಮಲ್ಲಿಗೆಯೂ ಕೊಳೆಯಿತು. ಕೊಟ್ಟಿಗೆಯ ಮಣ್ಣಿನ ಗೋಡೆ ಮಳೆಗಾಲಕ್ಕೊಮ್ಮೆ ಕುಸಿಯುತ್ತಿತ್ತು. ನಾನು ಮಾತ್ರ ಮೂರೇ ತಿಂಗಳಲ್ಲಿ ಬೇರೂರಿದೆ. ಕಾಲು ತೋಯ್ದಿದ್ದರೇನೇ ನನಗೆ ಸುಖ.

ಅವಳ ಗಂಡ ಮರೀಗೌಡನಿಗೆ ನನ್ನನ್ನು ಕಂಡರಾಗದು.

"ಹಾವ್ ಬಂದು ಸೇರ್ಕತದೆ, ಕಿತ್ತಾಕು."

"ಬುಡಿ ಅತ್ಲಾಗೆ. ಮಗಳ ಹೂ ಮುಡ್ಸೋ ಶಾಸ್ತ್ರಕ್ಕೆ ನಮ್ಮನೆ ಹೂವೇ ಆಗ್ಬೇಕು."

ಮಗಳು ಚೆಲುವಾಜಮ್ಮ ಆಗಿನ್ನೂ ಲಂಗ ತೊಟ್ಟು ಓಡಾಡುವ ಹುಡುಗಿ. ಅವಳು ಮೊದಲ ಬಸುರಿಯಾದಾಗ ಜಡೆಗೆ ಹಿತ್ತಲ ಕೇದಗೆಯನ್ನೇ ಹೆಣೆಯಬೇಕೆಂದು ತಾಯಿ ಹತ್ತು ವರ್ಷ ಕಾದಳು. ಮುಳ್ಳು ಗೀರಿದ ಕೈಗೆ ಅರಿಸಿನ ಮೆತ್ತಿಕೊಂಡು ಒಣಗರಿ ತೆಗೆದಳು. ಅಂಥ ತಾಳ್ಮೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಮಗಳ ಮದುವೆಯಾಯಿತು. ಏಳು ತಿಂಗಳ ಬಸುರಿಯಾಗಿ ಶಾಸ್ತ್ರಕ್ಕೆ ತವರಿಗೆ ಬಂದಳು. ಅವತ್ತು ನನ್ನ ಗರಿಗಳ ನಡುವೆ ಇದ್ದದ್ದು ಹೂವಲ್ಲ, ಅನಾನಸಿನಂಥ ಹಸಿರು ಕಾಯಿ. ನಾಚಿಕೆಯಿಂದ ಕುಗ್ಗಿಹೋದೆ. ಮರೀಗೌಡ ಮಚ್ಚು ಹಿಡಿದೇ ಬಂದ.

"ಹತ್ತೊರ್ಸ ಸಾಕಿದ್ದು ಇದ್ಕಾ?"

ದೇವೀರಮ್ಮ ಗರಿ ಸರಿಸಿ ಕಾಯಿಯನ್ನು ಮುಟ್ಟಿದಳು. ಕಣ್ಣು ತುಂಬಿತ್ತು. ಮಚ್ಚನ್ನು ಅವನ ಕೈಯಿಂದ ಇಸಿದುಕೊಂಡಳು.

"ಘಮ ಗಂಡು ಗಿಡದ್ದು. ನಾನು ತಂದಿರೋದು ಹೆಣ್ಣು, ತಪ್ಪು ನಂದು. ಬಸ್ರಿ ಮೇಲೆ ಮಚ್ಚೆತ್ತೀರಾ?"

ಮರೀಗೌಡ ಕೆಮ್ಮಿದ. ಜಡೆಯ ಹೂವನ್ನು ನಾಲೆಯ ಏರಿಯಿಂದ ಕೊಯ್ದು ತಂದವನು ಅವನೇ.

ಆರತಿ ಮುಗಿದ ಮೇಲೆ ಅವಳು ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದಳು. ಮಗಳ ಮಡಿಲಲ್ಲಿದ್ದ ಹಸಿರು ಬಳೆಗಳಲ್ಲಿ ಒಂದನ್ನು ತೆಗೆದು, ಇನ್ನೂ ನೆಲ ಮುಟ್ಟದಿದ್ದ ನನ್ನ ಎಳೆಯ ಬಿಳಲಿಗೆ ತೊಡಿಸಿದಳು.

ಈಗ ನಾನೂ ಮುದುಕಿ, ದೇವೀರಮ್ಮನೂ ಮುದುಕಿ. ಅವಳಿಗೊಂದು ಹೂವು ಕೊಡಲಾಗಲಿಲ್ಲವೆಂಬ ಕೊರಗು ನನಗೆ ಹೋಗಿಲ್ಲ. ಆದರೆ ಆ ಬಿಳಲು ಕೆಸರಿಗಿಳಿದು ಗೋಡೆಯ ಬುಡ ಹಿಡಿದುಕೊಂಡಿದೆ. ಗೋಡೆ ಮತ್ತೆ ಬಿದ್ದಿಲ್ಲ. ಬಳೆಯೂ ಒಡೆದಿಲ್ಲ.