ಉಗುರಿನ ಸಂದಿಯ ಎಣ್ಣೆ

ಪರದೆಯ ಸಂದಿಯಿಂದ ಸುಗ್ರಾಳ ಒದ್ದೆ ಕೈ ಹೊರಗೆ ಬಂತು.

"ಇನ್ನೊಂದು ಸೋಪು ಕೊಡಿ. ನಿಂಬೆಹಣ್ಣಿದ್ರೆ ಅದನ್ನೂ ಕೊಡಿ. ಇವಳ ಉಗುರಿನ ಕಪ್ಪು ಹೋಗ್ತಾನೇ ಇಲ್ಲ."

ಹಿತ್ತಲಿನಲ್ಲಿ ಎರಡು ಚಾದರ ಕಟ್ಟಿ ಮಾಡಿದ ಮರೆ ಅದು. ಅದರಾಚೆ ಹಲಗೆಯ ಮೇಲೆ ಫಾಯಿಜಾ ಮಲಗಿದ್ದಳು. ಅಕ್ಕ ಸುಗ್ರಾ ಇಬ್ಬರು ಹೆಂಗಸರ ಜೊತೆ ಸೇರಿ ತಂಗಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದಳು. ಈಚೆ, ನೀರೊಲೆಯ ಪಕ್ಕದಲ್ಲಿ, ಫಾಯಿಜಾಳ ಗಂಡ ನಾಸಿರ್ ನಿಂತಿದ್ದ. ಬೆಳಗಿನಿಂದ ಯಾರು ಏನು ಹೇಳಿದರೂ 'ಹೂಂ' ಎಂದು ತಲೆಯಾಡಿಸುತ್ತಿದ್ದವನು ಈ ಮಾತಿಗೆ ಮಾತ್ರ ತಲೆಯೆತ್ತಿದ.

"ಸೋಪಿಗೆ ಹೋಗಲ್ಲ ಆಪಾ. ಅದು ಗೇರ್ ಆಯಿಲ್."

ಬಂದವರಿಗೆ ಕುರ್ಚಿ ಹಾಕುತ್ತಿದ್ದ ಫಾಯಿಜಾಳ ತಮ್ಮ ವಾಜಿದ್ ಅಲ್ಲೇ ನಿಂತುಬಿಟ್ಟ. "ಎಷ್ಟು ಸಲ ಬಡ್ಕೊಂಡೆ ಭಾಯ್, ಆ ಡಬ್ಬಾ ಗಾಡಿ ಗುಜರಿಗೆ ಹಾಕಿ ಅಂತ! ಹೆಂಗಸು ಗಾಡಿ ಅಡಿ ಮಲ್ಕೊಂಡು ನಟ್ಟು ಬಿಚ್ಚೋದಾ? ಈಗ ನೋಡಿ, ಎಂಥಾ ಕೈಲಿ ಹೋಗ್ತಿದಾಳೆ..." ಕೈಯಲ್ಲಿದ್ದ ಕುರ್ಚಿಯನ್ನು ನೆಲಕ್ಕೆ ಕುಕ್ಕಿದ.

ಪಕ್ಕದ ಮನೆಯ ನರಸಿಂಹಯ್ಯ ಕುರ್ಚಿಯಿಂದಲೇ ಅಂದರು, "ಸುಮ್ನಿರಪ್ಪಾ. ಆ ಕೈಲೇ ಅಲ್ವಾ ನಮ್ ಬೀದಿ ಉಡ್ಗ್ರೆಲ್ಲ ಇಸ್ಕೂಲ್ಗೆ ಓಗಿದ್ದು?"

*

ವ್ಯಾನು ಫಾಯಿಜಾಳ ತಂದೆಯದು. ಅವರು ತೀರಿಕೊಂಡಾಗ ವಾಜಿದ್ ಯಲಹಂಕದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಅವನಿಗೆ ಬೇಡವಾಗಿತ್ತು. ಬೀಗದಕೈ ಅವಳೇ ತೆಗೆದುಕೊಂಡಳು. ಬಾಗಲೂರಿನ ಮಕ್ಕಳನ್ನು ತುಂಬಿಕೊಂಡು ದಿನವೂ ಸ್ಕೂಲಿಗೆ ಬಿಟ್ಟು ಬರತೊಡಗಿದಳು. ನಾಸಿರ್ ದರ್ಜಿ. ಹೊಲಿಗೆ ಮೆಷಿನ್ನಿನ ಪೆಡಲ್ ಬಿಟ್ಟು ಬೇರೆ ಪೆಡಲ್ ತುಳಿದವನಲ್ಲ.

ಒಂದು ವಾರದಿಂದ ವ್ಯಾನು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಗೇರ್‌ಬಾಕ್ಸಿನ ಹಿಂದಿನ ಸೀಲು ಹೋಗಿದೆ, ಗಾಡಿ ಬಿಟ್ಟು ಹೋಗು ಅಂದಿದ್ದ ಮೆಕ್ಯಾನಿಕ್. ಮಕ್ಕಳಿಗೆ ಪರೀಕ್ಷೆ ನಡೆಯುತ್ತಿತ್ತು. ಬಳೆಯಷ್ಟಗಲದ ಒಂದು ರಬ್ಬರ್ ಉಂಗುರಕ್ಕೆ ಗಾಡಿ ಬಿಡುವುದೇ ಎಂದು ಭಾನುವಾರ ಅವಳೇ ಹಿಂದಿನ ಚಕ್ರಗಳನ್ನು ಜಾಕಿನಿಂದೆತ್ತಿ, ಕಲ್ಲು ಕೊಟ್ಟು, ಅಡಿಗೆ ನುಸುಳಿದಳು. ನಾಸಿರ್ ಮಂಡಿಯೂರಿ ಟಾರ್ಚು ಹಿಡಿದ.

"ನನ್ನ ಮುಖಕ್ಕಲ್ಲ ರೀ, ಗೇರ್‌ಬಾಕ್ಸಿಗೆ ಹಿಡೀರಿ."

"ಮುಖಾನೇ ಚೆನ್ನಾಗಿ ಕಾಣ್ತಿದೆ."

"ಈ ವಯಸ್ಸಲ್ಲಿ ನಿಮಗೆ..." ಅಡಿಯಿಂದ ನಗು ಕೇಳಿಸಿತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದನೆಯ ಶಾಫ್ಟನ್ನು ಹೊರಗೆಳೆದಳು. ಸ್ಕ್ರೂಡ್ರೈವರಿನಿಂದ ಹಳೆಯ ಸೀಲನ್ನು ಮೀಟುವಾಗ ಅದು ಜಾರಿ ಹೆಬ್ಬೆರಳು ತರಚಿತು. ಹೊಸದಕ್ಕೆ ಗ್ರೀಸು ಸವರಿ, ಮರದ ತುಂಡಿಟ್ಟು, ಸುತ್ತಲೂ ಸಮನಾಗಿ ಬಡಿದು ಕೂರಿಸಿದಳು. ಹೊರಗೆ ಬಂದಾಗ ಮೊಣಕೈವರೆಗೂ ಕಪ್ಪು.

ಇಂಥ ದಿನಗಳಲ್ಲಿ ಅವರಿಬ್ಬರದೊಂದು ರೂಢಿಯಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಕೈ ಚಾಚುವಳು. ಅವನು ಅಂಗೈಯಲ್ಲಿ ಸಕ್ಕರೆಗೆ ಕೊಬ್ಬರಿ ಎಣ್ಣೆ ಕಲಸಿ ಅವಳ ಒಂದೊಂದೇ ಬೆರಳನ್ನು ಉಜ್ಜುವನು. ಮಕ್ಕಳಿಲ್ಲದ ಆ ಮನೆಯಲ್ಲಿ ವ್ಯಾನಿನ ಮಕ್ಕಳ ಕತೆಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದುದು ಆಗಲೇ.

ಆ ಸಂಜೆ ಮಾತ್ರ ಅವನು ಮೆಷಿನ್ನು ಬಿಟ್ಟು ಏಳಲಿಲ್ಲ. ನರಸಿಂಹಯ್ಯನವರ ಮೊಮ್ಮಗಳು ಮೋನಿಕಾಳ ನಿಶ್ಚಿತಾರ್ಥದ ರವಿಕೆ ಕೈಯಲ್ಲಿತ್ತು.

"ಐದೇ ನಿಮಿಷ ಫಾಯಿಜಾ. ಹುಕ್ಕು ಹಾಕಿ ಬಂದೆ."

ಅವಳು ಸೋಪಿನಲ್ಲಿ ಕೈ ತೊಳೆದು, ಬಟ್ಟೆಗೆ ತಾಗದಂತೆ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿಟ್ಟುಕೊಂಡು ಗೋಡೆಗೊರಗಿ ಕೂತಳು. ಹುಕ್ಕು ಮುಗಿಸಿ ನೋಡಿದರೆ ಹಾಗೇ ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಉಜ್ಜಿದರಾಯಿತು ಎಂದುಕೊಂಡು ಮೆಲ್ಲಗೆ ಮಲಗಿಸಿ ದಿಂಬು ಕೊಟ್ಟ.

ಬೆಳಿಗ್ಗೆ ಆಜಾನ್ ಆದರೂ ಅವಳು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿದೆ ಎಂದರು ಡಾಕ್ಟರು.

*

ನಾಸಿರ್ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ ತಂದ. ಪರದೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕರೆದ.

"ಆಪಾ, ನಾನೇ ಮಾಡ್ತೀನಿ. ನಾನು ಒಳಗೆ ಬರಲ್ಲ, ನೋಡಲ್ಲ. ಅವಳ ಕೈ ಒಂದನ್ನ ಈಚೆ ಕೊಡಿ ಸಾಕು."

ಒಳಗೆ ನೀರಿನ ಸದ್ದು ನಿಂತಿತು.

"ಆಗಲ್ಲ ನಾಸಿರ್," ಅಂದಳು ಸುಗ್ರಾ. "ಉಸಿರು ಹೋದ ಮೇಲೆ ನಿಕಾಹ್ ಮುಗೀತು, ಇನ್ನು ನೀವು ಮುಟ್ಟೋ ಹಾಗಿಲ್ಲ. ನಿಮಗೂ ಗೊತ್ತು."

"ಗೊತ್ತು."

"ಹೇಗೆ ಮಾಡ್ಬೇಕು ಹೇಳಿ. ನಾನು ಮಾಡ್ತೀನಿ."

ಅವನು ಅಂಗೈಗೆ ಸಕ್ಕರೆ ಸುರಿದುಕೊಂಡು, ಎಣ್ಣೆ ಬಿಟ್ಟು, ಬೆರಳಿನಿಂದ ಕಲಸಿದ. ಸಂದಿಯಲ್ಲಿ ಕೈ ಚಾಚಿದ. ಸುಗ್ರಾಳ ಬೆರಳುಗಳು ಅದನ್ನು ಬಳಿದುಕೊಂಡು ಒಳಗೆ ಹೋದವು.

"ಕಿರುಬೆರಳಿಂದ ಶುರು ಮಾಡಿ. ಉಗುರಿನ ಬುಡಕ್ಕೆ ಜಾಸ್ತಿ ಉಜ್ಜಿ. ಬಲಗೈ ಹೆಬ್ಬೆರಳಲ್ಲಿ ಗಾಯ ಇದೆ, ಅಲ್ಲಿ ಮೆತ್ತಗೆ."

"ಮೆತ್ತಗೇ ಮಾಡ್ತಿದೀನಿ."

"ಉರಿಯುತ್ತೆ ಅವಳಿಗೆ."

ಸುಗ್ರಾಳ ಕೈ ಮತ್ತೊಮ್ಮೆ ಹೊರಬಂದು ಸಕ್ಕರೆ ಬಳಿದುಕೊಂಡು ಹೋಯಿತು. ಆಮೇಲೆ ಸುಗ್ರಾ ಅಳುತ್ತಲೇ, "ಬಿಡ್ತಿದೆ ನಾಸಿರ್. ಬಿಡ್ತಿದೆ," ಅಂದಳು.

ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದ ವಾಜಿದ್ ನಾಸಿರ್‌ನ ಕೈಯಿಂದ ಸಕ್ಕರೆ ಡಬ್ಬಿ ತೆಗೆದುಕೊಂಡ. ಮುಚ್ಚಳ ತೆರೆದು ಹಿಡಿದ.

"ಇನ್ನೂ ಸ್ವಲ್ಪ ಬೇಕಾ ಭಾಯ್?"

*

ಮಧ್ಯಾಹ್ನದ ನಮಾಜಿನ ನಂತರ ಊರಂಚಿನ ಕಬರಸ್ತಾನದಲ್ಲಿ ವಾಜಿದ್ ಗೋರಿಗಿಳಿದು ಅಕ್ಕನನ್ನು ಎರಡೂ ತೋಳುಗಳಲ್ಲಿ ಇಳಿಸಿಕೊಂಡ. ಮೇಲೆ ಹಲಗೆಗಳನ್ನು ಜೋಡಿಸಿ ಮುಚ್ಚಿದರು. ಇನ್ನು ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಬೇಕು. ಮೊದಲು ಗಂಡ.

ನಾಸಿರ್ ಬಾಗಿ ಕೆಮ್ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡ. ನಮಾಜಿಗೆ ಮುಂಚೆ ವಜೂ ಮಾಡುವಾಗ ಚೆನ್ನಾಗಿ ತೊಳೆದಿದ್ದರೂ ಅಂಗೈಯಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಗೋರಿಯ ಮೇಲೆ ಮುಷ್ಟಿ ಬಿಚ್ಚಿದ. ಒಂದಿಷ್ಟು ಹಲಗೆಯ ಮೇಲೆ ಉದುರಿತು. ಉಳಿದದ್ದು ಅಂಗೈಗೆ, ಬೆರಳುಗಳಿಗೆ ಮೆತ್ತಿಕೊಂಡಿತ್ತು. ಹಿಂದೆ ಜನ ಕಾಯುತ್ತಿದ್ದರು. "ಹಾಕಿ ಭಾಯ್," ಅಂದ ವಾಜಿದ್, ಮೆಲ್ಲಗೆ.

ನಾಸಿರ್ ಕೈ ಮಗುಚಿ ಹಿಡಿದ. ಮಣ್ಣು ಬೀಳಲಿಲ್ಲ.