ಮುಳ್ಳು ಹಾರುವ ಜಾಗ

ಕವರು ಅಂಟಿಸುವ ಮೇಜಿನ ಮೇಲೆ ನನಗೆ ಅಮ್ಮ ಸಿಕ್ಕಳು. ಹಳೆಯ ಜಾಝ್ ಗಾಯಕಿಯರ ರೆಕಾರ್ಡುಗಳನ್ನು ಕಂಪನಿಯೊಂದು ಮತ್ತೆ ಹೊರತರುತ್ತಿತ್ತು. ಅವುಗಳ ಕವರು ಮಡಿಸಿ ಅಂಟಿಸುವ ಕೆಲಸ ನಮ್ಮ ಕಾರ್ಖಾನೆಗೆ ಬಂದಿತ್ತು. ಕಟ್ಟು ಬಿಚ್ಚಿದರೆ ಕವರಿನ ಚಿತ್ರದಲ್ಲಿ ಅಮ್ಮ, ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾಳೆ. ಇವಳ ಮೂಗು ನಿನ್ನ ಮೂಗಿನ ಹಾಗೇ ಇದೆ ಎಂದಳು ಪಕ್ಕದವಳು. ನನ್ನ ಮೂಗು ಇವಳದರ ಹಾಗಿದೆ ಎಂದು ತಿದ್ದಿದೆ. ಆವತ್ತು ನಾನು ಮಡಿಸಿದ ಒಂದು ಕವರೂ ಸೊಟ್ಟಗಾಗಲಿಲ್ಲ.

ಅಮ್ಮ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅವಳ ದನಿ ಅಂತ ಮನೆಯಲ್ಲಿ ಉಳಿದದ್ದು ಒಂದೇ ರೆಕಾರ್ಡು, ಅದರಲ್ಲೂ ಒಂದು ಗೀರು. 'ಬಾಗಿಲು ತೆರೆದೇ ಇಟ್ಟಿರುವೆ' ಎನ್ನುವಷ್ಟರಲ್ಲಿ ಗ್ರಾಮಫೋನಿನ ಮುಳ್ಳು ಟಕ್ಕನೆ ಹಾರಿ ಕೊನೆಯ ಚರಣದಲ್ಲಿ ಬೀಳುತ್ತಿತ್ತು. ನಾನು ಹಾಡು ಕಲಿತದ್ದೂ ಹಾಗೆಯೇ. ನನ್ನಿಂದ ಕಲಿತ ಕಾರ್ಖಾನೆಯ ಹೆಂಗಸರೂ ಅದೇ ಜಾಗದಲ್ಲಿ, ಉಸಿರೂ ಎಳೆದುಕೊಳ್ಳದೆ, ಒಟ್ಟಿಗೆ ಹಾರುತ್ತಿದ್ದರು. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದರೂ ಇನ್ನೊಂದು ಪ್ರತಿ ಸಿಕ್ಕಿರಲಿಲ್ಲ.

ಹಾರಿಹೋದ ಕಡೆ ಏನಿತ್ತು ಎಂದು ಅಪ್ಪನನ್ನು ಕೇಳಿ ಕೇಳಿ ಸಾಕಾಗಿತ್ತು. ಆ ಹಾಡಿಗೆ ಡ್ರಮ್ಸ್ ನುಡಿಸಿದವನೇ ಅಪ್ಪ. ಮರೆತುಹೋಗಿದೆ ಎನ್ನುತ್ತಿದ್ದ. ಯಾರ ಮದುವೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಿತ್ತು ಎಂಬುದೆಲ್ಲ ನೆನಪಿರುವವನಿಗೆ ಇದೊಂದು ಮರೆತಿದೆಯಂತೆ. ನನಗೆ ಬೇಕಾದದ್ದು ಒಂದು ಸಾಲು, ಹೋಗಲಿ, ಒಂದು ಪದ. ಸತ್ತವರು ಹೊಸ ಮಾತಾಡುವುದುಂಟೇ? ಉಂಟು, ಆ ಗೀರಿನ ಕೆಳಗೆ ಉಂಟು ಎಂದು ನಂಬಿಕೊಂಡೇ ನಾನು ದೊಡ್ಡವಳಾದೆ.

ಕೆಲಸ ಮುಗಿದಾಗ ಮೇಸ್ತ್ರಿ ನನಗೊಂದು ಪ್ರತಿ ಕೊಟ್ಟರು. ಭಾನುವಾರ ಬೆಳಿಗ್ಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವನು ಕನ್ನಡಕ ಹುಡುಕುವ ನೆವ ತೆಗೆದ. ಹಾಡು ಕೇಳಲು ಕನ್ನಡಕ ಯಾಕೆ ಎಂದು ಗದರಿ ರೆಕಾರ್ಡು ಹಾಕಿದೆ.

'ಬಾಗಿಲು ತೆರೆದೇ ಇಟ್ಟಿರುವೆ.' ಮುಳ್ಳು ಹಾರಲಿಲ್ಲ. ಅಮ್ಮ ಸುಮ್ಮನಾದಳು. ಡ್ರಮ್ಮಿನ ಮೇಲೆ ತಂತಿಯ ಬ್ರಷ್ ಸವರುವ ಸದ್ದು ಮಾತ್ರ, ಮೆಲ್ಲಗೆ, ಸುತ್ತಿ ಸುತ್ತಿ. ಆಮೇಲೆ ಕೊನೆಯ ಚರಣ ಶುರುವಾಗಿಯೇಬಿಟ್ಟಿತು. ಬೆಟ್ಟ ಅಗೆದವಳಿಗೆ ಇಲಿಯೂ ಸಿಗಲಿಲ್ಲ. ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ನಿಂಗೆ ಗೊತ್ತಿತ್ತು ಅಲ್ವಾ ಅಪ್ಪ?"

"ಗೊತ್ತಿತ್ತು. ಏನೂ ಇಲ್ಲ ಅಂತ ಹೇಗಮ್ಮ ಹೇಳ್ಲಿ? ನಿನ್ನ ಹತ್ರ ಅವಳದು ಅಂತ ಇದ್ದಿದ್ದೇ ಅಷ್ಟು."

ಆಮೇಲೆ ಇನ್ನೊಂದು ಸಲ ಹಾಕು ಎಂದ. ಮುಳ್ಳನ್ನು ಹಿಂದಕ್ಕಿಟ್ಟೆ. ಅಮ್ಮ ಸುಮ್ಮನಾದ ಕೂಡಲೇ ಅಪ್ಪ ಬಾಗಿಲ ಕಡೆಗೆ, ಯಾರೋ ಬಂದು ನಿಂತವರನ್ನು ಕಂಡ ಹಾಗೆ, ಮುಖ ಎತ್ತಿದ. ಅವನನ್ನು ಅಷ್ಟು ಚಿಕ್ಕವನಾಗಿ ನಾನು ಯಾವತ್ತೂ ಕಂಡಿರಲಿಲ್ಲ.

"ಇಲ್ಲಿ ಅವಳು ಮೈಕ್ ಬಿಟ್ಟು ನನ್ನ ಕಡೆ ತಿರುಗಿದ್ಲು," ಎಂದ. "ಇಷ್ಟು ಹೊತ್ತೂ ನನ್ನೇ ನೋಡ್ತಾ ಇದ್ಲು."

ಹೇಗೆ ನೋಡಿದಳು ಎಂದು ಕೇಳಿದೆ. ಅವನು ಎದ್ದು ಮುಳ್ಳನ್ನು ತಾನೇ ಹಿಂದಕ್ಕಿಟ್ಟ. ನನಗೆ ಅಪ್ಪನ ಮೇಲೆ ಹೊಟ್ಟೆಕಿಚ್ಚಾಯಿತು.