ಕೋಟು, ಬೂಟು, ಟವಲ್ಲು

ಹೈಹೀಲ್ಸ್ ಕಂಡುಹಿಡಿದವನು ಯಾವನೋ, ಅವನನ್ನು ಎಳೆದು ತಂದು ಆಗತಾನೇ ನೀರು ಬಿಟ್ಟ ತೆಂಗಿನ ತೋಟದಲ್ಲಿ ನಡೆಸಬೇಕು ಎಂದು ಧನ್ಯಶ್ರೀಗೆ ಮೈಯೆಲ್ಲ ಉರಿಯುತ್ತಿತ್ತು. ಹೋದ ವರ್ಷ ತಿಪಟೂರಿನ ಕಾಲೇಜಿನ ಫ್ಯಾಷನ್ ಶೋನಲ್ಲಿ ಆ ದರಿದ್ರವನ್ನು ಮೆಟ್ಟಿಕೊಂಡು ಹೋಗಿ ಪ್ರಿನ್ಸಿಪಾಲರ ಕಾಲಬುಡಕ್ಕೇ ಬಿದ್ದಿದ್ದಳು. ಭಕ್ತಿಯಿಂದ ಬಿದ್ದಳೆಂದುಕೊಂಡು ಅವರು ತಲೆ ಮುಟ್ಟಿ ಆಶೀರ್ವಾದ ಬೇರೆ ಮಾಡಿದ್ದರು.

ಈ ಸಲದ ಶೋಗೆ ಏನು ಹಾಕುವುದೆಂದು ಹುಡುಕುವಾಗ ಫೋನಿನಲ್ಲಿ ಯಾವುದೋ ದೇಶದ ಹುಡುಗಿಯರು ಗಂಡಸರ ಕೋಟು, ಸಡಿಲ ಪ್ಯಾಂಟು, ಎತ್ತರದ ಹಿಮ್ಮಡಿಯಿಲ್ಲದ ಬೂಟು ಹಾಕಿಕೊಂಡು ಯಜಮಾನರ ಹಾಗೆ ನಡೆಯುವುದನ್ನು ನೋಡಿದ್ದಳು. ಕೋಟಿಗೆ ಅಂಗಡಿ ಸುತ್ತಬೇಕಾಗಿರಲಿಲ್ಲ. ತಾತ ಮಾಯಣ್ಣನದು ಗೂಟದಲ್ಲೇ ನೇತಾಡುತ್ತಿತ್ತು. ದನದ ದಲ್ಲಾಳಿಯಾಗಿದ್ದ ಅವನು ಆ ಕರಿ ಕೋಟಿನಲ್ಲೇ ಸುತ್ತಿನ ಸಂತೆಗಳನ್ನೆಲ್ಲ ಆಳಿದ್ದ.

ಊರವರು ಗಂಡುಬೀರಿ ಅಂತಾರೆ ಎಂದು ತಾಯಿ ನಿಂಗಮ್ಮ ಹಣೆ ಚಚ್ಚಿಕೊಂಡಳು. ಇದೇ ಊರಿನಲ್ಲಿ ಹುಡುಗರು ಮಂಡಿ ಹರಿದ ಪ್ಯಾಂಟಿನಲ್ಲಿ ತಿರುಗಿದರೆ ಕೇಳುವವರಿಲ್ಲ. ಹುಡುಗಿ ನೆಟ್ಟಗಿರುವ ಕೋಟು ತೊಟ್ಟರೆ ಮಾತ್ರ ಮಾನ ಹರಿದುಹೋಗುತ್ತದಂತೆ.

ತಾತ ಮಾತ್ರ ಒಪ್ಪಿದ. "ಹಾಕ್ಕಂಡು ಹೋಗವ್ವ. ಆದ್ರೆ ಆ ಕೋಟು ಯಾವತ್ತೂ ಮಾತಿಗೆ ತಪ್ಪಿಲ್ಲ. ಅದ್ರ ಮರ್ಯಾದೆ ಉಳ್ಸುದ್ರೆ ನಿಂದೇ. ಇಲ್ಲಾಂದ್ರೆ ಗೂಟಕ್ಕೆ."

ಧನ್ಯಶ್ರೀ ತಮ್ಮನ ಸ್ಕೂಲಿನ ಬೂಟಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಮಿಂಚಿಸಿದಳು. ಸ್ಟೈಲಿಗಿರಲಿ ಎಂದು ತಾತನ ಟವಲ್ಲನ್ನೂ ಮುಂಗೈ ಮೇಲೆ ಇಳಿಬಿಟ್ಟುಕೊಂಡಳು. ಕೆಟ್ಟಿದ್ದೇ ಅಲ್ಲಿ.

ನೊಣವಿನಕೆರೆಯ ಬಸ್ ಸ್ಟಾಪಿನ ದಾರಿಯಲ್ಲಿ ಅಂದು ದನದ ಸಂತೆ. ಅಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಎದುರಿನವನು ಇಡೀ ಕೈ ಅದುಮಿದರೆ ವ್ಯಾಪಾರ ಮುಗಿದಂತೆ, ಆಮೇಲೆ ಬ್ರಹ್ಮ ಬಂದರೂ ಮುರಿಯುವಂತಿಲ್ಲ. ಇನ್ನೂ ಈಯದ ಕಡಸೊಂದನ್ನು ಮಾರಲು ತಂದಿದ್ದ, ಕಣ್ಣಿಗೆ ಪೊರೆ ಬಂದಿದ್ದ ಮುದುಕ ಹುಚ್ಚರಂಗಯ್ಯನಿಗೆ ಕೋಟು ಕಂಡಿತು, ಟವಲ್ಲು ಕಂಡಿತು. ಸೀದಾ ಬಂದು ಅದರಡಿ ಕೈ ತೂರಿಸಿ ಬೆರಳು ಹಿಡಿದ. ಪಾಪ, ಅಜ್ಜ ಹಾರೈಸುತ್ತಿದ್ದಾನೆ ಎಂದುಕೊಂಡ ಧನ್ಯಶ್ರೀ ಪ್ರೀತಿಯಿಂದ ಕೈ ಅದುಮಿದಳು.

"ಆಯ್ತು ಬುಡು ಮಾಯಣ್ಣ, ನಿನ್ ಮಾತೇ ಮಾತು ಕಣಪ್ಪ, ದುಡ್ಡಿಗೆ ಸಂಜೆ ಮನೆತಾವ ಬತ್ತೀನಿ," ಎಂದು ಅವನು ಕಡಸಿನ ಹಗ್ಗವನ್ನು ಅವಳ ಕೈಗಿತ್ತು ಟೀ ಕುಡಿಯಲು ಹೋದ. ಕಡಸು ಎಣ್ಣೆ ಹಚ್ಚಿದ ಬೂಟನ್ನು ನೆಕ್ಕತೊಡಗಿತು.

ತಾನು ವ್ಯಾಪಾರ ಮುಗಿಸಿಬಿಟ್ಟಿದ್ದೇನೆ ಎಂದು ಧನ್ಯಶ್ರೀಗೆ ಆಗ ಹೊಳೆಯಿತು. ಬಸ್ಸು ಹಾರನ್ ಹೊಡೆಯಿತು. ಟವಲ್ಲಿನಡಿ ಬಂದದ್ದು ಟವಲ್ಲಿನಡಿಯೇ ಹೋಗಲಿ ಎಂದು ಅವಳು ಪಕ್ಕದಲ್ಲಿದ್ದ ಬೆಟ್ಟಸ್ವಾಮಿಯ ಕೈ ಎಳೆದುಕೊಂಡು, ಕಡಸು ಇವನಿಗೇ ಹೋಗಲೆಂದು ಸಿಕ್ಕಸಿಕ್ಕ ಬೆರಳು ಹಿಂಡಿದಳು. ಬೆಟ್ಟಸ್ವಾಮಿ ಅದನ್ನು ತಾನು ಮಾರಲು ತಂದ ಎಮ್ಮೆಗೆ ಬಂದ ಬೆಲೆ ಎಂದುಕೊಂಡ. ಆ ಮುದಿ ಎಮ್ಮೆಗೆ ಅಷ್ಟು ಬೆಲೆಯನ್ನು ಅವನು ಕನಸಲ್ಲೂ ಕೇಳಿರಲಿಲ್ಲ. ಅವಳು ಮನಸ್ಸು ಬದಲಿಸುವ ಮೊದಲೇ ಕೈ ಅದುಮಿ, ಎಮ್ಮೆಯ ಹಗ್ಗವನ್ನೂ ಅವಳಿಗೇ ಕೊಟ್ಟು ಮಾಯವಾದ.

ಬಸ್ಸು ಹೋಯಿತು. ಹಗ್ಗ ಬಿಸಾಕಿ ಓಡಬಹುದಿತ್ತು. ಓಡಿದರೆ ಕೋಟು ಗೂಟಕ್ಕೆ. ಹಲ್ಲು ಕಚ್ಚಿಕೊಂಡು ಎರಡನ್ನೂ ಮನೆಯ ಕಡೆ ಹೊಡೆದಳು. ಎಮ್ಮೆ ಕೆರೆಗೆ ಎಳೆಯಿತು, ಕಡಸು ಬೂಟಿಗೆ ಎಳೆಯಿತು. ಆದರೂ ಕೆರೆ ಏರಿಯ ಕೆಸರಿನಲ್ಲಿ ಅವಳು ಒಮ್ಮೆಯೂ ಜಾರಲಿಲ್ಲ. ಹೈಹೀಲ್ಸ್ ಆಗಿದ್ದರೆ ಎಮ್ಮೆಗಿಂತ ಮೊದಲು ಅವಳೇ ಕೆರೆ ಸೇರುತ್ತಿದ್ದಳು.

ನಿಂಗಮ್ಮ ಜಗಲಿಯ ಮೇಲಿಂದಲೇ ಮತ್ತೆ ಹಣೆ ಚಚ್ಚಿಕೊಂಡಳು. ಮಾಯಣ್ಣ ಎಮ್ಮೆಯ ಬಾಯಿ ತೆರೆದು, ಇದ್ದ ಹಲ್ಲನ್ನೂ ಇಲ್ಲದ ಹಲ್ಲನ್ನೂ ತುಂಬ ಹೊತ್ತು ನೋಡಿದ.

"ಯಾರೇ ಇದನ್ನ ತಗಂಡಿದ್ದು?"

"ಕೋಟು."

"ಬುಟ್ಟು ಬರ್ಬೋದಿತ್ತಲ್ಲೇ?"

"ಮಾತು ಕೊಟ್ಟಾಗಿತ್ತಲ್ಲ ತಾತ."

ಮಾಯಣ್ಣ ಎಮ್ಮೆಯ ಬಾಯಿ ಮುಚ್ಚಿದ. ಮೊಮ್ಮಗಳ ಭುಜದ ಮೇಲೆ ಕೋಟನ್ನು ನೆಟ್ಟಗೆ ಮಾಡಿದ.

"ಕೋಟು ನಿಂದೇ ಕಣೇ. ಇನ್ನೊಂದು ಬಸ್ಸೈತೆ, ಓಡು. ಆ ಟವಲ್ ಮಾತ್ರ ಇಲ್ಲೇ ಬುಟ್ಟು ಹೋಗು."